ಯಾರ ಅಭಿಪ್ರಾಯವನ್ನು ಎಷ್ಟು ನಂಬಬೇಕು? ಅಳೆಯುವ ದಾರಿ ಹೇಳಿ

ಕರಡುಪ್ರತಿ:
ಒಂದು ಬರಹವನ್ನೋ ಭಾಷಣವನ್ನೋ ಆರು ಜನರ ಮುಂದಿಟ್ಟರೆ ಆರು ಥರದ ಮಾತು ಬರುತ್ತದೆ. ಒಬ್ಬರು "ಚೆನ್ನಾಗಿದೆ" ಅಂದು ಮುಗಿಸುತ್ತಾರೆ. ಒಬ್ಬರು ಎರಡು ಪುಟ ತಿದ್ದುಪಡಿ ಕಳಿಸುತ್ತಾರೆ. ಒಬ್ಬರು ಕೆಲಸವನ್ನು ಬಿಟ್ಟು ಮಾಡಿದವರ ಸ್ವಭಾವದ ಬಗ್ಗೆ ಮಾತಾಡುತ್ತಾರೆ. ಒಬ್ಬರು ಸುಮ್ಮನಿದ್ದು, ಕೆಲಸ ಸೋತ ಮೇಲೆ "ನನಗೆ ಮೊದಲೇ ಗೊತ್ತಿತ್ತು" ಅನ್ನುತ್ತಾರೆ. ಇನ್ನೊಬ್ಬರದು ಎದುರಿಗೊಂದು ಮಾತು, ಹಿಂದೊಂದು ಮಾತು. ಉಳಿದವರದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ.

ಇವರಲ್ಲಿ ಯಾರ ಮಾತು ಪ್ರಾಮಾಣಿಕ, ಯಾರದು ಉಪಯುಕ್ತ ಅನ್ನೋದನ್ನು ತಿಳಿಯುವುದು ಹೇಗೆ? "ಮನಸ್ಸಿಗೆ ಅನ್ನಿಸಿದ ಹಾಗೆ ಮಾಡಿ" ಅನ್ನುವ ಉತ್ತರ ಬೇಡ. ಪರೀಕ್ಷೆ ಮಾಡಿ ನೋಡಬಹುದಾದ ದಾರಿಗಳಿದ್ದರೆ ತಿಳಿಸಿ. ಕೆಲಸದ ಬಗ್ಗೆ ಬರುವ ಅಭಿಪ್ರಾಯ, ನಡವಳಿಕೆಯ ಬಗ್ಗೆ ಬರುವ ಅಭಿಪ್ರಾಯ, ಎರಡರ ಬಗ್ಗೆಯೂ.

ತಕ್ಕಡಿ:
ಮೊದಲು ಪ್ರಶ್ನೆಯನ್ನೇ ಒಡೆಯಬೇಕು. "ಇವರನ್ನು ನಂಬಬಹುದಾ?" ಅನ್ನುವ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳು ಅಡಗಿವೆ. ಇವರು ನಿಜವಾಗಿ ನೋಡಿದ್ದಾರಾ? ನೋಡಿದ್ದನ್ನು ತೂಗಿ ಹೇಳುವಷ್ಟು ವಿಷಯ ಗೊತ್ತಿದೆಯಾ? ಅನ್ನಿಸಿದ್ದನ್ನು ಹೇಳುವ ಸ್ವಾತಂತ್ರ್ಯ ಇವರಿಗಿದೆಯಾ? ಮೂರರಲ್ಲಿ ಒಂದು ಸೊನ್ನೆಯಾದರೂ ಉಳಿದೆರಡು ಕೈಗೆ ಬರುವುದಿಲ್ಲ. ಇವುಗಳನ್ನು ಕೂಡಿಸಬೇಡಿ, ಗುಣಿಸಿ. ಪರಮ ಪ್ರಾಮಾಣಿಕ ವ್ಯಕ್ತಿ ಹತ್ತು ಪುಟದ ಬರಹದಲ್ಲಿ ಎರಡೇ ಪುಟ ಓದಿದ್ದರೆ, ಮುಕ್ತಾಯದ ಬಗ್ಗೆ ಅವರ ಮಾತಿಗೆ ಬೆಲೆ ಇಲ್ಲ. ವಿಷಯ ಅರೆದು ಕುಡಿದವರು ನಿಮ್ಮ ಕೈಕೆಳಗೆ ಕೆಲಸ ಮಾಡುತ್ತಿದ್ದರೆ, ಅವರ ಹೊಗಳಿಕೆಯಲ್ಲಿ ಎಷ್ಟು ಭಾಗ ಭಯ ಅನ್ನೋದನ್ನು ಬೇರ್ಪಡಿಸಲು ಆಗುವುದಿಲ್ಲ.

ಒಬ್ಬರು ಇನ್ನೊಬ್ಬರನ್ನು ಸರಿಯಾಗಿ ಅಳೆಯಲು ಏನೇನು ಕೂಡಿಬರಬೇಕು ಎಂದು ಮನಶ್ಶಾಸ್ತ್ರಜ್ಞ ಡೇವಿಡ್ ಫಂಡರ್ 1995ರಲ್ಲಿ ನಾಲ್ಕು ಮೆಟ್ಟಿಲು ಹೇಳಿದ್ದಾರೆ. ಆ ಗುಣಕ್ಕೆ ಸಂಬಂಧಿಸಿದ ನಡವಳಿಕೆ ಘಟಿಸಬೇಕು, ಅದು ನೋಡುವವರ ಕಣ್ಣಿಗೆ ಸಿಗುವಂತಿರಬೇಕು, ಅವರು ಅದನ್ನು ಗಮನಿಸಬೇಕು, ಗಮನಿಸಿದ್ದರಿಂದ ಸರಿಯಾದ ತೀರ್ಮಾನಕ್ಕೆ ಬರಬೇಕು. ಬರುವ ಅಭಿಪ್ರಾಯಗಳಲ್ಲಿ ಬಹಳಷ್ಟು ಎರಡನೇ ಮೆಟ್ಟಿಲಲ್ಲೇ ಬಿದ್ದುಹೋಗುತ್ತವೆ. ವಾರಕ್ಕೊಂದು ಸಭೆಯಲ್ಲಿ ಮಾತ್ರ ಕಾಣುವವರಿಗೆ ಸಭೆಯಲ್ಲಿ ನೀವು ಹೇಗಿರುತ್ತೀರಿ ಅನ್ನೋದು ಮಾತ್ರ ಗೊತ್ತು. "ಇವರಿಗೆ ತಾಳ್ಮೆ ಇಲ್ಲ" ಎಂದು ಅವರಂದರೆ ಅದನ್ನು "ಸಭೆಯಲ್ಲಿ ತಾಳ್ಮೆ ಕಾಣಲಿಲ್ಲ" ಎಂದು ಕಿರಿದಾಗಿಸಿ ಬರೆದುಕೊಳ್ಳಿ. ಆಗ ಅದು ಪೂರ್ತಿ ನಿಜವಿರಬಹುದು.

ನೋಡಿದ್ದಾರೋ ಇಲ್ಲವೋ ಅನ್ನೋದಕ್ಕೆ ಸುಲಭ ಪರೀಕ್ಷೆ ಇದೆ. "ಯಾವ ಜಾಗದಲ್ಲಿ ಹಾಗನ್ನಿಸಿತು?" ಎಂದು ಒಂದೇ ಪ್ರಶ್ನೆ ಕೇಳಿ. ನಿಜವಾಗಿ ಓದಿದವರು ಜಾಗ ತೋರಿಸುತ್ತಾರೆ, ಇಲ್ಲವೇ "ಜಾಗ ನೆನಪಿಲ್ಲ, ಆದರೆ ಮಧ್ಯದಲ್ಲಿ ಆಸಕ್ತಿ ಹೋಯಿತು" ಎನ್ನುತ್ತಾರೆ. ಎರಡೂ ಒಳ್ಳೆಯ ಉತ್ತರಗಳೇ. ಓದದವರು ಆ ಪ್ರಶ್ನೆಗೆ ಮೊದಲಿಗಿಂತ ದೊಡ್ಡ ಸಾಮಾನ್ಯ ಮಾತಾಡುತ್ತಾರೆ: "ಒಟ್ಟಾರೆ ಇನ್ನೂ ಗಟ್ಟಿಯಾಗಬೇಕು" ಅನ್ನುವಂಥದ್ದು. ಮಾತು ಕೆಳಗಿಳಿದು ವಿವರಕ್ಕೆ ಬರುತ್ತಿದೆಯೋ, ಮೇಲೇರಿ ಮೋಡವಾಗುತ್ತಿದೆಯೋ ಗಮನಿಸಿ.

ಎರಡನೇ ಓದು:
ತಕ್ಕಡಿ ಅವರ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಮೂರನೇ ಪ್ರಶ್ನೆಯನ್ನು (ಮನಸ್ಸಿನಲ್ಲಿದ್ದುದನ್ನು ಹೇಳುತ್ತಿದ್ದಾರಾ) ಬಹಳ ಜನ ಮುಖ ನೋಡಿ ನಿರ್ಧರಿಸುತ್ತಾರೆ. ಕಣ್ಣು ತಪ್ಪಿಸಿದರು, ಧ್ವನಿ ನಡುಗಿತು, ಹಾಗಾಗಿ ಸುಳ್ಳು ಎಂದು. ಇದು ನಡೆಯುವುದಿಲ್ಲ. ಸುಳ್ಳು ಪತ್ತೆ ಹಚ್ಚುವ ಸಾಮರ್ಥ್ಯದ ಮೇಲಿನ ಅಧ್ಯಯನಗಳನ್ನೆಲ್ಲ ಬಾಂಡ್ ಮತ್ತು ಡಿಪೌಲೊ 2006ರಲ್ಲಿ ಒಟ್ಟುಹಾಕಿದಾಗ, 24,000ಕ್ಕೂ ಹೆಚ್ಚು ಜನರ ತೀರ್ಪುಗಳಲ್ಲಿ ಸರಿಯಾದದ್ದು ಸರಾಸರಿ 54%. ನಾಣ್ಯ ಚಿಮ್ಮಿದರೂ 50% ಸಿಗುತ್ತದೆ. ಮುಖಕ್ಕಿಂತ ಅವರ ಸ್ಥಾನ ನೋಡಿ: ನಿಜ ಹೇಳಿದರೆ ಇವರಿಗೆ ಏನು ನಷ್ಟ, ಸುಳ್ಳು ಹೇಳಿದರೆ ಏನು ಲಾಭ?

ಅಂಚುಟಿಪ್ಪಣಿ:
ಬರಹ, ವರದಿ, ಭಾಷಣದ ಕರಡು ಇಂಥವಕ್ಕೆ ನೇರವಾದ ಪರೀಕ್ಷೆ ಒಂದಿದೆ. ನಿಮಗೆ ಖಚಿತವಾಗಿ ಗೊತ್ತಿರುವ ಮೂರು ದೋಷಗಳನ್ನು ಕರಡಿನಲ್ಲಿ ಹಾಗೇ ಬಿಡಿ. ಒಂದು ದೊಡ್ಡದು, ಅಂದರೆ ವಾದಕ್ಕೆ ಆಧಾರವೇ ಇಲ್ಲದ ಜಾಗ. ಒಂದು ಮಧ್ಯಮ, ಒಂದೇ ವಿಷಯ ಎರಡು ಕಡೆ ಬಂದಿರುವುದು. ಒಂದು ಸಣ್ಣದು, ಅಂಕಿ ಒಂದು ಪುಟದಲ್ಲಿ ಒಂಥರ, ಇನ್ನೊಂದು ಪುಟದಲ್ಲಿ ಇನ್ನೊಂಥರ. ಕಾಗುಣಿತದ ತಪ್ಪು ಬೇಡ, ಅದು ಎಲ್ಲರ ಕಣ್ಣಿಗೂ ಬಿದ್ದು ಗಮನವನ್ನೆಲ್ಲ ತಿಂದುಬಿಡುತ್ತದೆ.

ಫಲಿತಾಂಶವನ್ನು ಓದುವ ಬಗೆ ಹೀಗೆ. ಮೂರನ್ನೂ ಹಿಡಿದವರು ಗಮನವಿಟ್ಟು ಓದಿದ್ದಾರೆ, ಹೇಳುವ ಧೈರ್ಯವೂ ಇದೆ. ಸಣ್ಣದನ್ನು ಮಾತ್ರ ಹಿಡಿದವರು ಒಂದೋ ಮೇಲ್ಮೈ ನೋಡುವವರು, ಇಲ್ಲವೇ ದೊಡ್ಡದನ್ನು ಕಂಡೂ ನೋವಾಗುತ್ತದೆ ಎಂದು ನುಂಗಿಕೊಂಡವರು. ಈ ಎರಡನ್ನೂ ಬೇರ್ಪಡಿಸಲು "ಎರಡನೇ ಭಾಗದ ವಾದ ನಿಲ್ಲುತ್ತದಾ?" ಎಂದು ಜಾಗ ತೋರಿಸಿ ಕೇಳಿ. ತಕ್ಷಣ "ಹೌದು, ಅಲ್ಲಿ ನನಗೂ ಅನುಮಾನ ಇತ್ತು" ಎಂದರೆ ಅವರಿಗೆ ಕಣ್ಣಿದೆ, ಬಾಯಿ ಕಟ್ಟಿದೆ. ಅಂಥವರಿಗೆ ಮುಂದಿನ ಸಲ ಪ್ರಶ್ನೆ ಕೊಟ್ಟೇ ಓದಿಸಬೇಕು. ಏನನ್ನೂ ಹಿಡಿಯದೆ "ಸೂಪರ್" ಎಂದವರ ಹೊಗಳಿಕೆಯನ್ನು ಪ್ರೀತಿ ಎಂದು ಇಟ್ಟುಕೊಳ್ಳಿ, ಮಾಹಿತಿ ಎಂದು ಬೇಡ.

ಇನ್ನೊಂದು: ಎರಡು ಆವೃತ್ತಿ ಕೊಟ್ಟು ಯಾವುದು ಹಳೆಯದು, ಯಾವುದು ನಿಮಗಿಷ್ಟ ಎಂದು ಹೇಳದೆ ಆರಿಸಲು ಬಿಡಿ. ಅರ್ಧ ಜನರಿಗೆ ಮೊದಲನೆಯದನ್ನು ಮೊದಲು, ಉಳಿದರ್ಧಕ್ಕೆ ಎರಡನೆಯದನ್ನು ಮೊದಲು ಕೊಡಿ. ಮೊದಲು ಓದಿದ್ದೇ ಹಲವರಿಗೆ ಅಳತೆಗೋಲಾಗಿಬಿಡುತ್ತದೆ. ನಿಮಗೆ ಬೇಕಾದ ಉತ್ತರ ಯಾವುದು ಅಂತ ಗೊತ್ತಿಲ್ಲದವರಿಗೆ ಮುಖಸ್ತುತಿ ಮಾಡಲು ದಾರಿಯೇ ಇರುವುದಿಲ್ಲ.

ನಿಧಾನಗತಿ:
ಅಂಚುಟಿಪ್ಪಣಿ ಅವರೇ, ಎರಡನೇ ವಿಧಾನ ಒಪ್ಪುತ್ತೇನೆ. ಮೊದಲನೆಯದರ ಬಗ್ಗೆ ತಕರಾರಿದೆ. ಬೇಕೆಂದೇ ತಪ್ಪು ತುರುಕಿ ಜನರನ್ನು ಗುಟ್ಟಾಗಿ ಪರೀಕ್ಷಿಸಿದರೆ, ಅದು ಗೊತ್ತಾದ ದಿನ ಅವರು ನಿಮಗಾಗಿ ಓದುವುದನ್ನೇ ನಿಲ್ಲಿಸುತ್ತಾರೆ. ಎರಡು ಗಂಟೆ ಕೊಟ್ಟು ಓದಿದವರಿಗೆ ಆ ಎರಡು ಗಂಟೆ ಬಲೆಯಾಗಿತ್ತು ಅನ್ನಿಸುತ್ತದೆ. ಪ್ರಾಮಾಣಿಕತೆ ಹುಡುಕಲು ಹೊರಟವರು ಅಪ್ರಾಮಾಣಿಕವಾಗಿ ಶುರುಮಾಡುವುದು ಸರಿಯಲ್ಲ.

ಅಂಚುಟಿಪ್ಪಣಿ:
ನಿಮ್ಮ ಮಾತು ನ್ಯಾಯವಾಗಿದೆ. ನಾನು "ತುರುಕಿ" ಎನ್ನಲಿಲ್ಲ, "ಹಾಗೇ ಬಿಡಿ" ಎಂದೆ. ಆ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿತ್ತು. ಯಾವ ಕರಡಿನಲ್ಲೂ ಬರೆದವರಿಗೇ ಗೊತ್ತಿರುವ, ಇನ್ನೂ ಸರಿಪಡಿಸದ ದೋಷಗಳು ಇದ್ದೇ ಇರುತ್ತವೆ. ಕೊಡುವ ಮೊದಲು ಅವನ್ನು ಒಂದು ಚೀಟಿಯಲ್ಲಿ ಬರೆದು, ದಿನಾಂಕ ಹಾಕಿ ಇಟ್ಟುಕೊಳ್ಳಿ. ಓದುಗರ ಪಟ್ಟಿ ಬಂದ ಮೇಲೆ ತಾಳೆ ನೋಡಿ. ಇಲ್ಲಿ ಮೋಸವಿಲ್ಲ. ಚೀಟಿಯನ್ನು ಮೊದಲೇ ಬರೆಯುವುದು ಮಾತ್ರ ಕಡ್ಡಾಯ. ಯಾರೋ ಹೇಳಿದ ಮೇಲೆ "ಅದು ನನಗೂ ಗೊತ್ತಿತ್ತು" ಅನ್ನಿಸುವುದು ಮನಸ್ಸಿನ ಸಹಜ ಗುಣ, ಆಗ ಪರೀಕ್ಷೆ ಕೆಡುತ್ತದೆ.

ನಿಧಾನಗತಿ:
ಹೀಗಾದರೆ ಒಪ್ಪಿಗೆ. ಆ ಚೀಟಿಯಲ್ಲಿ ಇಲ್ಲದ, ಆದರೆ ತೋರಿಸಿದ ಕೂಡಲೇ ನಿಜ ಎನಿಸುವ ದೋಷವನ್ನು ಯಾರು ಹಿಡಿದರು ಅನ್ನೋದನ್ನೂ ಗುರುತು ಹಾಕಿಕೊಳ್ಳಿ. ಅಂಥವರು ಒಬ್ಬರು ಸಿಕ್ಕರೂ ಸಾಕು.

ಹೊರಗಿನ ಕಿವಿ:
ಎಲ್ಲರೂ ಹೇಳುವವರನ್ನು ತೂಗ್ತಾ ಇದ್ದೀರಿ. ಕೇಳುವವರ ಬಗ್ಗೆ ಮಾತೇ ಬರಲಿಲ್ಲ. ಸಿಗುವ ಪ್ರಾಮಾಣಿಕತೆಯಲ್ಲಿ ಅರ್ಧ ಪಾಲು ಕೇಳುವ ರೀತಿಯಲ್ಲೇ ತಯಾರಾಗುತ್ತೆ.

ಕೆಟ್ಟ ಸುದ್ದಿ ಹೇಳೋಕೆ ಜನ ಹಿಂಜರಿಯುತ್ತಾರೆ ಅನ್ನೋದನ್ನು ರೋಸೆನ್ ಮತ್ತು ಟೆಸ್ಸರ್ 1970ರಲ್ಲೇ ಪ್ರಯೋಗ ಮಾಡಿ ತೋರಿಸಿದರು. ಆ ಸುದ್ದಿಯಲ್ಲಿ ಹೇಳುವವರ ತಪ್ಪೇನೂ ಇಲ್ಲದಿದ್ದರೂ ಹಿಂಜರಿಕೆ ಇರುತ್ತೆ. ಹಾಗಾಗಿ ಮೌನ, "ಪರವಾಗಿಲ್ಲ", "ನೋಡೋಣ" ಇವುಗಳನ್ನು ಸುಳ್ಳು ಅಂತ ಲೆಕ್ಕ ಹಾಕಬೇಡಿ. ಹೇಳೋದಕ್ಕೆ ಬಾಗಿಲು ತೆರೆದಿಲ್ಲ ಅಂತ ಅರ್ಥ.

ಬಾಗಿಲು ತೆರೆಯೋ ಕ್ರಮ ಇದು.

"ಹೇಗಿತ್ತು?" ಅಂತ ಕೇಳಲೇಬೇಡಿ. ಆ ಪ್ರಶ್ನೆಗೆ ಸಭ್ಯ ಉತ್ತರ ಒಂದೇ. ಅದರ ಬದಲು "ಇದರಲ್ಲಿ ಒಂದೇ ಒಂದನ್ನು ಬದಲಾಯಿಸಬೇಕು ಅಂದರೆ ಯಾವುದನ್ನು ಬದಲಾಯಿಸ್ತೀರಿ?" ಅಂತ ಕೇಳಿ. ದೋಷ ಇದೆ ಅನ್ನೋದನ್ನು ನೀವೇ ಒಪ್ಪಿಕೊಂಡ ಹಾಗಾಯಿತು, ಅದನ್ನು ಹೊರಿಸುವ ಹೊರೆ ಅವರ ಮೇಲಿಲ್ಲ. ಕೆಲಸಕ್ಕೆ ಮುಂಚೆಯೇ ಹೇಳಿಡೋದು ಇನ್ನೂ ಒಳ್ಳೇದು: "ಇವತ್ತು ಮಾತಾಡುವಾಗ ನಾನು ಯಾವ ಹೊತ್ತಿಗೆ ವೇಗ ಹೆಚ್ಚಿಸ್ತೀನಿ ಅಂತ ಗಮನಿಸಿ." ಮುಗಿದ ಮೇಲೆ ಕೇಳಿದರೆ ಅವರು ನೆನಪನ್ನು ಕೆದಕಿ ಏನೋ ಒಂದು ಹೇಳ್ತಾರೆ. ಮೊದಲೇ ಹೇಳಿದ್ದರೆ ನೋಡಿದ್ದನ್ನು ಹೇಳ್ತಾರೆ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಿ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಆ ಮೌನವನ್ನು ನಾವೇ ತುಂಬಿಬಿಡೋದು ದೊಡ್ಡ ತಪ್ಪು: "ಟೈಮ್ ಕಡಿಮೆ ಇತ್ತು, ಅದಕ್ಕೇ ಹಾಗಾಯ್ತು..." ಅಂದ ಕೂಡಲೇ ಅವರು "ಹೌದು ಹೌದು, ಅಷ್ಟು ಟೈಮಲ್ಲಿ ಇಷ್ಟಾಗಿದ್ದೇ ಹೆಚ್ಚು" ಅಂದು ತಪ್ಪಿಸಿಕೊಳ್ತಾರೆ. ಮೊದಲ ಟೀಕೆಗೆ ಸಮರ್ಥನೆ ಕೊಟ್ಟರೂ ಅಷ್ಟೇ. ಜನ ಮೊದಲು ಹಗುರವಾದ ಟೀಕೆ ಹೇಳಿ ನಿಮ್ಮ ಮುಖ ನೋಡ್ತಾರೆ. ಅದನ್ನು ತಾಳಿಕೊಂಡರೆ ಮಾತ್ರ ಎರಡನೆಯದು, ನಿಜವಾದದ್ದು, ಹೊರಗೆ ಬರುತ್ತೆ. "ಬರೆದುಕೊಂಡೆ. ಇನ್ನೊಂದು?" ಅನ್ನೋದಷ್ಟೇ ನಿಮ್ಮ ಕೆಲಸ.

ಒಬ್ಬೊಬ್ಬರನ್ನೇ ಕೇಳಿ. ಗುಂಪಿನಲ್ಲಿ ಕೇಳಿದರೆ ಮೊದಲು ಮಾತಾಡಿದವರ ಅಭಿಪ್ರಾಯವೇ ಐದು ಸಲ ಸಿಗುತ್ತೆ. ಸೊಲೊಮನ್ ಆಶ್ 1950ರ ದಶಕದಲ್ಲಿ ಮಾಡಿದ ಗೆರೆಗಳ ಪ್ರಯೋಗ ಇದಕ್ಕೆ ಸಾಕ್ಷಿ. ಕಣ್ಣಿಗೆ ಕಾಣೋ ಗೆರೆಯ ಉದ್ದದ ವಿಷಯದಲ್ಲೂ, ಉಳಿದವರೆಲ್ಲ ಬೇಕೆಂದೇ ತಪ್ಪು ಹೇಳಿದಾಗ, ಸುಮಾರು ಮೂರನೇ ಒಂದು ಭಾಗದ ಉತ್ತರಗಳು ಗುಂಪಿನ ತಪ್ಪಿಗೇ ವಾಲಿದವು. ಗುಂಪಿನಲ್ಲಿ ಒಬ್ಬರಾದರೂ ಸರಿ ಹೇಳಿದರೆ ಆ ವಾಲುವಿಕೆ ಬಹಳ ಇಳಿಯಿತು. ಗೆರೆಯ ಗತಿಯೇ ಹೀಗಾದರೆ "ಭಾಷಣ ಹೇಗಿತ್ತು" ಅನ್ನೋ ಪ್ರಶ್ನೆಯ ಗತಿ ಯೋಚಿಸಿ. ಗುಂಪಲ್ಲಿ ಕೇಳಲೇಬೇಕಾದ ಸಂದರ್ಭ ಇದ್ದರೆ ಮೊದಲು ಎಲ್ಲರೂ ಕಾಗದದ ಮೇಲೆ ಬರೆಯಲಿ, ಆಮೇಲೆ ಓದಲಿ. ಓದೋದು ಕಿರಿಯರಿಂದ ಶುರುವಾಗಲಿ.

ಕರಡುಪ್ರತಿ:
ಇದು ತುಂಬಾ ಉಪಯೋಗ. ಒಂದು ಅನುಮಾನ. ಖಾರವಾಗಿ, ಮುಖಕ್ಕೆ ಹೊಡೆದ ಹಾಗೆ ಹೇಳುವವರು ಹೆಚ್ಚು ಪ್ರಾಮಾಣಿಕರು ಎಂದು ಸಾಮಾನ್ಯವಾಗಿ ಭಾವಿಸುತ್ತಾರಲ್ಲ? ಅವರಿಗೆ ಒಳ್ಳೆಯವರಾಗುವ ಆಸೆಯಿಲ್ಲ ಅನ್ನೋದಂತೂ ನಿಜ ತಾನೇ?

ಎರಡನೇ ಓದು:
ಖಾರಕ್ಕೂ ಪ್ರಾಮಾಣಿಕತೆಗೂ ಅಂಥ ನಂಟಿಲ್ಲ. ಒಳ್ಳೆಯವರಾಗುವ ಆಸೆ ಇಲ್ಲದಿದ್ದರೂ ಬುದ್ಧಿವಂತರಾಗಿ ಕಾಣುವ ಆಸೆ ಇರಬಹುದು, ಅದಕ್ಕೂ ಮಾರುಕಟ್ಟೆ ಇದೆ. ತೆರೆಸಾ ಅಮಾಬಿಲೆ 1983ರಲ್ಲಿ ಪುಸ್ತಕ ವಿಮರ್ಶೆಗಳನ್ನು ಹೊಗಳುವಂತೆಯೂ ತೆಗಳುವಂತೆಯೂ ತಿದ್ದಿ ಓದಿಸಿದರು. ತೆಗಳಿದ ವಿಮರ್ಶಕರನ್ನು ಓದುಗರು ಹೆಚ್ಚು ಬುದ್ಧಿವಂತರು, ಹೆಚ್ಚು ಪರಿಣತರು ಎಂದು ಎಣಿಸಿದರು. ಹೊಗಳಿದವರನ್ನು ಹೆಚ್ಚು ಸಜ್ಜನರು ಎಂದರು, ಅಷ್ಟೆ. ಕಹಿ ಮಾತಿನಿಂದ ಹೇಳುವವರಿಗೆ ಲಾಭ ಉಂಟು ಅನ್ನೋದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಖಾರದ ಮಾತನ್ನು ಪರೀಕ್ಷಿಸಲು ನಾಲ್ಕು ವಿಷಯ ಗಮನಿಸಿ. ಇತರರು ಇದ್ದಾಗ ಖಾರ ಹೆಚ್ಚಾಗುತ್ತದಾ? ಹೌದಾದರೆ ಆ ಮಾತು ನಿಮಗಾಗಿ ಆಡಿದ್ದಲ್ಲ, ಪ್ರೇಕ್ಷಕರಿಗಾಗಿ. ಬೇರೆಯವರ ಕೆಲಸಕ್ಕೂ ಇದೇ ಪದಗಳನ್ನು ಬಳಸುತ್ತಾರಾ? ಎಲ್ಲವೂ "ಆಳವಿಲ್ಲ" ಆದರೆ ಅದು ಕಾಮಾಲೆ ಕಣ್ಣು, ನಿಮ್ಮ ಬಣ್ಣದ ಬಗ್ಗೆ ಅದು ಏನೂ ಹೇಳುವುದಿಲ್ಲ. ಇದರಲ್ಲಿ ಉಳಿಸಿಕೊಳ್ಳಬೇಕಾದದ್ದು ಯಾವುದು ಎಂದು ಕೇಳಿದಾಗ ನಿರ್ದಿಷ್ಟವಾಗಿ ಒಂದನ್ನಾದರೂ ತೋರಿಸಬಲ್ಲರಾ? ಒಳ್ಳೆಯದನ್ನು ಗುರುತಿಸಲಾರದವರಿಗೆ ಕೆಟ್ಟದ್ದನ್ನು ಗುರುತಿಸುವ ಕಣ್ಣೂ ಅನುಮಾನವೇ. ಕೊನೆಯದು, ತಿದ್ದಿ ತಂದಾಗ ಅಭಿಪ್ರಾಯ ಬದಲಾಗುತ್ತದಾ? ಹೇಳಿದ್ದನ್ನೆಲ್ಲ ಸರಿಪಡಿಸಿದ ಮೇಲೂ ಅಷ್ಟೇ ಅಸಮಾಧಾನ, ಕಾರಣ ಮಾತ್ರ ಹೊಸದು ಎಂದಾದರೆ, ಅಸಮಾಧಾನ ಕೆಲಸದ ಮೇಲಿನದಲ್ಲ.

ಮೃದುವಾಗಿ ಹೇಳುವವರಿಗೂ ಇದೇ ನಾಲ್ಕು ಪ್ರಶ್ನೆಗಳು. ಅವರು ಎಲ್ಲವನ್ನೂ ಹೊಗಳುತ್ತಾರಾ, ಇಲ್ಲಾ ಕೆಲವನ್ನು ಹೊಗಳದೆ ಬಿಡುತ್ತಾರಾ? ಬಿಡುವವರಾದರೆ ಅವರು ಬಿಟ್ಟದ್ದನ್ನು ಓದಲು ಕಲಿಯಿರಿ.

ತಕ್ಕಡಿ:
ಅಂಕಗಳ ರೂಪದಲ್ಲಿ ಬರುವ ಅಭಿಪ್ರಾಯಕ್ಕೂ ಇದು ಅನ್ವಯ. 2000ರಲ್ಲಿ ಪ್ರಕಟವಾದ ಸ್ಕಲೆನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಕೆಲಸದ ರೇಟಿಂಗ್‌ಗಳಲ್ಲಿನ ಏರಿಳಿತದ ಅರ್ಧಕ್ಕಿಂತ ಹೆಚ್ಚು ಪಾಲು ಅಂಕ ಕೊಟ್ಟವರ ವೈಯಕ್ತಿಕ ಒಲವಿನದಾಗಿತ್ತು. ಅಂಕ ಪಡೆದವರ ಕೆಲಸಕ್ಕಿಂತ ಅಂಕ ಕೊಟ್ಟವರ ಬಗ್ಗೆಯೇ ಅದು ಹೆಚ್ಚು ಹೇಳುತ್ತಿತ್ತು ಎಂದಾಯಿತು.

ಹಾಗಾಗಿ ಯಾರದೇ ಅಂಕದಿಂದ ಅವರ ಸ್ವಂತ ಸರಾಸರಿಯನ್ನು ಕಳೆದು ನೋಡಿ. ಎಲ್ಲರಿಗೂ ಸರಾಸರಿ 4.6 ಕೊಡುವವರು ನಿಮಗೆ 4 ಕೊಟ್ಟರೆ ಅದು ದೂರು. ಸರಾಸರಿ 3.1 ಕೊಡುವವರು 3.5 ಕೊಟ್ಟರೆ ಅದು ಹೊಗಳಿಕೆ. ಬರೀ ಅಂಕಿ ನೋಡಿದವರು ಇದನ್ನು ತಿರುಗುಮುರುಗಾಗಿ ಓದುತ್ತಾರೆ. ಇನ್ನೊಂದು ಅಡಚಣೆಯನ್ನು ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಗುರುತಿಸಿದ್ದರು: ಒಂದು ಗುಣ ಇಷ್ಟವಾದರೆ ಸಂಬಂಧವಿಲ್ಲದ ಗುಣಗಳಿಗೂ ಅದೇ ಅಂಕ ಬೀಳುತ್ತದೆ. ಹತ್ತು ಅಂಶಗಳಿಗೂ ಒಂದೇ ಅಂಕ ತುಂಬಿ ಕೊಟ್ಟವರ ನಮೂನೆಯನ್ನು ಒಂದು ಅಭಿಪ್ರಾಯವೆಂದು ಎಣಿಸಿ, ಹತ್ತೆಂದು ಬೇಡ.

ಕರಡುಪ್ರತಿ:
ನಡವಳಿಕೆಯ ಬಗ್ಗೆ ಬರುವ ಮಾತುಗಳಿಗೆ? "ನಿಮಗೆ ಅಹಂಕಾರ", "ನೀವು ತುಂಬಾ ಸೂಕ್ಷ್ಮ" ಇಂಥವು. ಇಲ್ಲಿ ಚೀಟಿ ಬರೆದಿಡುವ ಉಪಾಯ ನಡೆಯುವುದಿಲ್ಲ.

ನಿಧಾನಗತಿ:
ಇಲ್ಲಿ ಯಾರನ್ನು ಯಾವುದಕ್ಕೆ ಕೇಳಬೇಕು ಅನ್ನೋದೇ ಮುಖ್ಯ. ಸಿಮಿನ್ ವಜೀರ್ 2010ರ ಅಧ್ಯಯನದಲ್ಲಿ ಒಬ್ಬರ ಬಗ್ಗೆ ಅವರದೇ ಅಂದಾಜು, ಗೆಳೆಯರ ಅಂದಾಜು, ಅಪರಿಚಿತರ ಅಂದಾಜುಗಳನ್ನು ಪರೀಕ್ಷೆಯ ಫಲಿತಾಂಶದೊಂದಿಗೆ ಹೋಲಿಸಿದರು. ಆತಂಕ, ಆತ್ಮವಿಶ್ವಾಸದಂಥ ಒಳಗಿನ ಗುಣಗಳಲ್ಲಿ ಅವರವರ ಅಂದಾಜೇ ಮೇಲು. ಬುದ್ಧಿಶಕ್ತಿಗೆ ಸಂಬಂಧಿಸಿದ ಗುಣಗಳಲ್ಲಿ, ಅಂದರೆ ನಮ್ಮ ಬಗ್ಗೆ ನಮಗೇ ಒಳ್ಳೆಯದಾಗಿ ನಂಬಬೇಕೆನ್ನಿಸುವ ಕಡೆ, ಗೆಳೆಯರ ಅಂದಾಜು ಮೇಲು. ಮಾತುಗಾರಿಕೆ, ಬೆರೆಯುವ ಸ್ವಭಾವದಂಥ ಹೊರಗೆ ಕಾಣುವ ಗುಣಗಳಲ್ಲಿ ಮೂವರೂ ಹೆಚ್ಚುಕಡಿಮೆ ಸಮ.

ಇದನ್ನು ಬಳಸುವ ಬಗೆ: "ನಿನಗೆ ಒಳಗೊಳಗೇ ಭಯ" ಎಂದು ಯಾರಾದರೂ ಹೇಳಿದರೆ ಅದನ್ನು ಊಹೆ ಎಂದೇ ಇಟ್ಟುಕೊಳ್ಳಿ, ಅಲ್ಲಿ ನಿಮ್ಮ ಸಾಕ್ಷಿಯೇ ಗಟ್ಟಿ. "ನೀನು ಬೇರೆಯವರ ಮಾತು ಮುಗಿಯೋಕೆ ಬಿಡಲ್ಲ" ಎಂದರೆ ಅವರ ಸಾಕ್ಷಿ ಗಟ್ಟಿ. ಅದು ಅವರ ಕಣ್ಣೆದುರು ನಡೆಯುವಂಥದ್ದು, ನಿಮಗೆ ನೀವು ಕಾಣುವುದಿಲ್ಲ.

ಇನ್ನು "ಅಹಂಕಾರ" ಎಂಬ ಪದ. ಅದು ತೀರ್ಪು, ಸಾಕ್ಷಿ ಅಲ್ಲ. ಅದನ್ನು ಸಾಕ್ಷಿಯ ಮಟ್ಟಕ್ಕೆ ಇಳಿಸಲು ಮೂರು ಪ್ರಶ್ನೆ ಸಾಕು: ಯಾವ ಸಂದರ್ಭದಲ್ಲಿ? ನಾನು ಏನು ಮಾಡಿದೆ ಅಥವಾ ಏನು ಹೇಳಿದೆ? ಅದರಿಂದ ನಿಮಗೋ ಬೇರೆಯವರಿಗೋ ಏನಾಯಿತು? ಮೂರಕ್ಕೂ ಉತ್ತರ ಬಂದರೆ ಅದು ಅಮೂಲ್ಯ, ಹೇಳಿದವರ ಮೇಲೆ ನಿಮಗೆ ಎಷ್ಟೇ ಕೋಪವಿದ್ದರೂ. ಮೊದಲ ಪ್ರಶ್ನೆಗೇ "ಯಾವಾಗಲೂ" ಎಂದರೆ ಅವರು ಕೋಪದಲ್ಲಿದ್ದಾರೆ, ಎರಡು ದಿನ ಬಿಟ್ಟು ಮತ್ತೆ ಕೇಳಿ. ಆಗಲೂ ಸಂದರ್ಭ ಸಿಗದಿದ್ದರೆ ಪಕ್ಕಕ್ಕಿಡಿ. "ಎಲ್ಲರೂ ಹಾಗೇ ಅನ್ನುತ್ತಾರೆ" ಎಂದಾಗಲೂ ಅಷ್ಟೇ, ಹೇಳಿದವರ ಒಂದು ಮತವನ್ನಷ್ಟೇ ಎಣಿಸಿ. ಎಲ್ಲರನ್ನೂ ಅವರು ಕರೆತಂದಿಲ್ಲ.

ಕಾರಣಗಳ ಬಗ್ಗೆ ಇನ್ನೂ ಎಚ್ಚರ ಬೇಕು. ನಿಸ್ಬೆಟ್ ಮತ್ತು ವಿಲ್ಸನ್ 1977ರಲ್ಲಿ ತೋರಿಸಿದ್ದೇನೆಂದರೆ, ತಮಗೆ ಒಂದು ವಸ್ತು ಏಕೆ ಇಷ್ಟವಾಯಿತು ಅನ್ನೋದಕ್ಕೆ ಜನ ಕೊಡುವ ಕಾರಣಗಳು ಎಷ್ಟೋ ಸಲ ನಿಜವಾದ ಕಾರಣಗಳಲ್ಲ, ಮತ್ತು ಅವರು ಸುಳ್ಳು ಹೇಳುತ್ತಲೂ ಇರುವುದಿಲ್ಲ. "ಇಲ್ಲಿ ಬೇಸರವಾಯಿತು" ಎಂಬುದನ್ನು ಪೂರ್ತಿ ನಂಬಿ. "ಏಕೆಂದರೆ ವಾಕ್ಯ ಉದ್ದ ಇದೆ" ಎಂಬುದನ್ನು ಅರ್ಧ ನಂಬಿ. ಹಿಂದಿನ ಪುಟದಲ್ಲಿ ಒಂದು ವಿವರ ಬಿಟ್ಟುಹೋದದ್ದು ಬೇಸರದ ಮೂಲವಾಗಿರಬಹುದು. ನೋವಿರುವ ಜಾಗ ತೋರಿಸುವುದು ಓದುಗರ ಕೆಲಸ, ರೋಗ ಹುಡುಕುವುದು ಮಾಡಿದವರ ಕೆಲಸ.

ಹೊರಗಿನ ಕಿವಿ:
ಲಾಭ ನಷ್ಟದ ವಿಷಯಕ್ಕೆ ಒಂದು ಮಾತು. ಹಿತಾಸಕ್ತಿ ಇರೋರ ಮಾತೆಲ್ಲ ಸುಳ್ಳು ಅಂತ ತಳ್ಳಿಹಾಕಬೇಡಿ. ದಿಕ್ಕು ನೋಡಿ. ನಿಮಗೆ ಸೇವೆ ಮಾರೋರು "ಇದು ನಿಮಗೆ ಬೇಡ" ಅಂದರೆ, ಪ್ರತಿಸ್ಪರ್ಧಿ "ಈ ಭಾಗ ನನ್ನದಕ್ಕಿಂತ ಚೆನ್ನಾಗಿದೆ" ಅಂದರೆ, ಆತ್ಮೀಯ ಗೆಳೆಯರು "ಇದನ್ನು ಹೊರಗೆ ತರಬೇಡ" ಅಂದರೆ, ತಮ್ಮ ಲಾಭಕ್ಕೆ ವಿರುದ್ಧವಾಗಿ ಆಡಿದ ಆ ಮಾತಿಗೆ ದುಪ್ಪಟ್ಟು ತೂಕ ಕೊಡಿ. ಲಾಭದ ದಿಕ್ಕಿನಲ್ಲೇ ಇರೋ ಮಾತು ನಿಜವಿರಬಹುದು, ಆದರೆ ಅದಕ್ಕೆ ಬೇರೆ ಸಾಕ್ಷಿ ಬೇಕು.

ಹೆಸರಿಲ್ಲದ ಅಭಿಪ್ರಾಯ ಪತ್ರ ಭಯ ಕಡಿಮೆ ಮಾಡುತ್ತೆ ನಿಜ. ಮೂರ್ನಾಲ್ಕು ಜನರ ತಂಡದಲ್ಲಿ ಆ ಮುಸುಕು ನಿಲ್ಲಲ್ಲ, ಬರವಣಿಗೆ ಶೈಲಿಯಲ್ಲೇ ಯಾರು ಅಂತ ಗೊತ್ತಾಗಿಬಿಡುತ್ತೆ. ಅದು ಬರೆಯೋರಿಗೂ ಗೊತ್ತು. ಜೊತೆಗೆ "ಯಾವ ಜಾಗದಲ್ಲಿ?" ಅಂತ ತಿರುಗಿ ಕೇಳೋಕೆ ಆಗಲ್ಲ. ಸಂಬಳ, ಬಡ್ತಿಗೆ ಅಂಟಿಕೊಂಡ ವರದಿಯಲ್ಲಿ ಪ್ರಾಮಾಣಿಕತೆ ಹುಡುಕೋದೂ ಕಷ್ಟ. ಕಲಿಕೆಗೆ ಬೇಕಾದ ಮಾತನ್ನು ಆ ಕಾಗದದಿಂದ ಬೇರೆಯಾಗಿ, ಬೇರೆ ದಿನ ಕೇಳಿ.

ಅಂಚುಟಿಪ್ಪಣಿ:
ಚಾಟ್‌ಬಾಟ್‌ಗಳನ್ನು ಕೇಳುವವರೂ ಈಗ ಬಹಳ. ಅವುಗಳಿಗೆ ಬಳಕೆದಾರರ ಮಾತಿಗೆ ತಲೆಯಾಡಿಸುವ ಒಲವಿದೆ. "ಇದು ನಾನು ಬರೆದದ್ದು, ಹೇಗಿದೆ?" ಅನ್ನಬೇಡಿ. ಎರಡು ಆವೃತ್ತಿ ಕೊಟ್ಟು ಹೋಲಿಸಲು ಹೇಳಿ, ಕ್ರಮ ಅದಲುಬದಲು ಮಾಡಿ ಹೊಸ ಸಂಭಾಷಣೆಯಲ್ಲಿ ಮತ್ತೆ ಕೇಳಿ. ಉತ್ತರ ತಿರುಗಿದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ತಕ್ಕಡಿ:
ದೀರ್ಘಕಾಲಕ್ಕೆ ಇರುವ ಗಟ್ಟಿ ದಾರಿ ಲೆಕ್ಕದ ಪುಸ್ತಕ. ಅಭಿಪ್ರಾಯವನ್ನು ಭವಿಷ್ಯವಾಣಿಯಾಗಿ ತಿರುಗಿಸಿ ಬರೆದಿಡುವುದು. "ಮೂರನೇ ಭಾಗ ಗೊಂದಲ" ಎಂದರೆ, "ಓದಿದ ಐವರಲ್ಲಿ ಇಬ್ಬರಾದರೂ ಅಲ್ಲಿ ಪ್ರಶ್ನೆ ಕೇಳುತ್ತಾರೆ ಅನ್ನಿಸುತ್ತದಾ? ನೂರಕ್ಕೆ ಎಷ್ಟು ಖಚಿತ?" ಎಂದು ಕೇಳಿ. ಪುಸ್ತಕದಲ್ಲಿ ಐದು ಕಲಂ: ದಿನಾಂಕ, ಹೇಳಿದವರು, ಅವರದೇ ಮಾತು, ಎಷ್ಟು ಖಚಿತ, ಆಮೇಲೆ ಏನಾಯಿತು.

ಅಂಕ ಹಾಕಲು ಹವಾಮಾನ ಮುನ್ಸೂಚನೆಗಳನ್ನು ಅಳೆಯಲು ಗ್ಲೆನ್ ಬ್ರಯರ್ 1950ರಲ್ಲಿ ಕೊಟ್ಟ ಸೂತ್ರ ಸಾಕು. ನೂರಕ್ಕೆ 80 ಖಚಿತ ಎಂದರೆ 0.8. ಹೇಳಿದ್ದು ಆದರೆ 1, ಆಗದಿದ್ದರೆ 0. ವ್ಯತ್ಯಾಸವನ್ನು ಅದರಿಂದಲೇ ಗುಣಿಸಿ. ಹೇಳಿದ್ದು ಆದರೆ 0.2 × 0.2 = 0.04. ಆಗದಿದ್ದರೆ 0.8 × 0.8 = 0.64. ಎಲ್ಲದರ ಸರಾಸರಿ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಯಾವಾಗಲೂ "ಐವತ್ತು-ಐವತ್ತು" ಅನ್ನುವವರಿಗೆ 0.25 ಸಿಗುತ್ತದೆ, ಅದೇ ಗಡಿ. ಪ್ರತಿಸಲ 80 ಎಂದು ಹತ್ತರಲ್ಲಿ ಎಂಟು ಸರಿಯಾದವರಿಗೆ 0.16. ಅಷ್ಟೇ ಆತ್ಮವಿಶ್ವಾಸದಿಂದ ಹೇಳಿ ಐದು ಮಾತ್ರ ಸರಿಯಾದವರಿಗೆ 0.34, ಏನೂ ಗೊತ್ತಿಲ್ಲ ಎಂದವರಿಗಿಂತ ಕೆಟ್ಟದ್ದು. ಇಬ್ಬರೂ ಎದುರು ಕೂತು ಮಾತಾಡಿದಾಗ ಒಂದೇ ಥರ ಕೇಳಿಸುತ್ತಾರೆ.

ಇಲ್ಲಿ ಕೆಡುವುದು ಎರಡು ಕಡೆ. ಹತ್ತು ದಾಖಲೆಗಿಂತ ಮೊದಲು ಯಾರ ಬಗ್ಗೆಯೂ ತೀರ್ಮಾನ ಬೇಡ, ಇಪ್ಪತ್ತಾದರೆ ಒಳ್ಳೆಯದು. ಎರಡನೆಯದು, ಅವರ ಸಲಹೆಯಂತೆ ತಿದ್ದಿಬಿಟ್ಟರೆ ಭವಿಷ್ಯವಾಣಿ ನಿಜವಾಗುತ್ತಿತ್ತೋ ಇಲ್ಲವೋ ತಿಳಿಯುವುದಿಲ್ಲ. ಹಾಗಾಗಿ ನೀವು ಪಾಲಿಸದ ಸಲಹೆಗಳ ಮೇಲೆ ಕಣ್ಣಿಡಿ. ಹೇಳುವವರ ಯೋಗ್ಯತೆ ಅಲ್ಲೇ ನಿಚ್ಚಳವಾಗಿ ಗೊತ್ತಾಗುತ್ತದೆ.

ಕರಡುಪ್ರತಿ:
ಐವರು ಒಂದು ಹೇಳಿ, ಒಬ್ಬರು ಅದಕ್ಕೆ ವಿರುದ್ಧ ಹೇಳಿದರೆ?

ಎರಡನೇ ಓದು:
ಮೊದಲು ಐವರು ನಿಜವಾಗಿ ಐವರೇ ಎಂದು ನೋಡಿ. ಮೂವರು ಮೊದಲೇ ಮಾತಾಡಿಕೊಂಡಿದ್ದರೆ ಅವರದು ಒಂದೇ ಮತ. 1907ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಪ್ರಕಟಿಸಿದ ಲೆಕ್ಕದಲ್ಲಿ, ಜಾತ್ರೆಯೊಂದರಲ್ಲಿ ಎತ್ತಿನ ಮಾಂಸದ ತೂಕ ಊಹಿಸಿದ 787 ಚೀಟಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ಸರಿಯಾಗಿ ನಡುವೆ ಬಂದ ಅಂಕಿ 1,207 ಪೌಂಡ್, ನಿಜವಾದ ತೂಕ 1,198. ಆ ಜಾಣತನ ಬಂದದ್ದು ಪ್ರತಿಯೊಬ್ಬರೂ ತಂತಮ್ಮ ಊಹೆಯನ್ನೇ ಚೀಟಿಯಲ್ಲಿ ಬರೆದದ್ದರಿಂದ. ಕೂಗಿ ಹೇಳಿಸಿದ್ದರೆ ಮೊದಲು ಕೂಗಿದವರ ಸುತ್ತಲೇ ಎಲ್ಲ ಅಂಕಿಗಳೂ ಸೇರುತ್ತಿದ್ದವು.

ಆಮೇಲೆ ಆ ಒಬ್ಬರು ಉಳಿದವರಿಗೆ ಕಾಣದ ಏನನ್ನಾದರೂ ನೋಡುವ ಜಾಗದಲ್ಲಿದ್ದಾರಾ? ಸಭಿಕರೆಲ್ಲ ಭಾಷಣ ಚೆನ್ನಾಗಿತ್ತು ಎಂದು, ಕಡೆಯ ಸಾಲಿನವರೊಬ್ಬರು ಕೇಳಿಸಲಿಲ್ಲ ಎಂದರೆ ಮತ ಎಣಿಸುವ ಪ್ರಶ್ನೆಯೇ ಇಲ್ಲ. ರುಚಿಯ ವಿಷಯದಲ್ಲಿ ಬಹುಮತಕ್ಕೆ ಬೆಲೆ. ಒಂದು ವಿಷಯ ಸರಿಯೋ ತಪ್ಪೋ ಅನ್ನುವಲ್ಲಿ, ಜಾಗ ತೋರಿಸಿ ಮಾತಾಡುವ ಒಬ್ಬರಿಗೆ ಬೆಲೆ.

ನಿಧಾನಗತಿ:
ಕೇಳಿಸಿಕೊಳ್ಳುವ ಮನಸ್ಸೂ ತಕ್ಕಡಿಯ ಒಂದು ತಟ್ಟೆ. ನಮ್ಮ ಅಭಿಪ್ರಾಯಕ್ಕೆ ಹತ್ತಿರವಿರುವುದು ಪ್ರಾಮಾಣಿಕವಾಗಿ ಕೇಳಿಸುತ್ತದೆ, ದೂರವಿರುವುದು ಅಸೂಯೆಯಾಗಿ ಕೇಳಿಸುತ್ತದೆ. ಅವರ ಪದಗಳನ್ನು ಹಾಗೇ ಬರೆದುಕೊಳ್ಳಿ, ನಿಮ್ಮ ಅರ್ಥವನ್ನು ಪಕ್ಕದಲ್ಲಿ ಬೇರೆ ಬರೆಯಿರಿ. ಒಂದು ರಾತ್ರಿ ಕಳೆಯಲಿ. "ಆರಂಭ ನಿಧಾನ" ಎಂದದ್ದನ್ನು "ನನಗೆ ಬರೆಯಲು ಬರುವುದಿಲ್ಲ" ಎಂದು ಓದಿಕೊಂಡದ್ದು ಮಾರನೆಯ ಬೆಳಿಗ್ಗೆ ಕಾಣುತ್ತದೆ. ಕ್ಲೂಗರ್ ಮತ್ತು ಡಿನಿಸಿ 1996ರಲ್ಲಿ 607 ಫಲಿತಾಂಶಗಳನ್ನು ಒಟ್ಟುಗೂಡಿಸಿದಾಗ, ಫೀಡ್‌ಬ್ಯಾಕ್‌ನಿಂದ ಸರಾಸರಿಯಲ್ಲಿ ಕೆಲಸ ಸುಧಾರಿಸಿತ್ತು. ಆದರೆ ಮೂರನೇ ಒಂದಕ್ಕಿಂತ ಹೆಚ್ಚು ಕಡೆ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಗಮನ ಕೆಲಸದಿಂದ ಸರಿದು "ನಾನು ಎಂಥವನು" ಎಂಬುದರ ಕಡೆ ತಿರುಗಿದಾಗ ಹೀಗಾಗುತ್ತದೆ ಎಂಬುದು ಅವರ ವಿವರಣೆ. ನಿಜವಾದ ಮಾತೂ ಕೆಡಿಸಬಲ್ಲದು.

ಕರಡುಪ್ರತಿ:
ಕೊನೆಯ ಪ್ರಶ್ನೆ. ಯಾವಾಗಲೂ "ಚೆನ್ನಾಗಿದೆ" ಎಂದಷ್ಟೇ ಹೇಳುವ ಆತ್ಮೀಯರನ್ನು ಪಟ್ಟಿಯಿಂದ ಬಿಡಬೇಕಾ?

ಹೊರಗಿನ ಕಿವಿ:
ಬಿಡಬೇಡಿ. ಅವರಿಗೆ ತೀರ್ಪಿನ ಕೆಲಸ ಕೊಡಬೇಡಿ, ಅಷ್ಟೇ. ಕೈಗೆ ಪೆನ್ಸಿಲ್ ಕೊಟ್ಟು, "ಓದ್ತಾ ಓದ್ತಾ ಎಲ್ಲೆಲ್ಲಿ ಫೋನ್ ಎತ್ತಿಕೊಂಡಿರಿ, ಯಾವ ಸಾಲನ್ನು ಎರಡು ಸಲ ಓದಬೇಕಾಯಿತು, ಅಲ್ಲೆಲ್ಲ ಪಕ್ಕದಲ್ಲೊಂದು ಗೆರೆ ಎಳೀರಿ" ಅನ್ನಿ. ಟೀಕೆ ಮಾಡ್ತಿದ್ದೀನಿ ಅಂತ ಅವರಿಗೆ ಅನ್ನಿಸೋದೇ ಇಲ್ಲ, ಗೆರೆ ಎಳೀತಾ ಹೋಗ್ತಾರೆ. ವಾಪಸ್ ಬಂದ ಕಾಗದದಲ್ಲಿ ಗೆರೆ ಎಲ್ಲಿ ದಟ್ಟವಾಗಿದೆ ನೋಡಿ, ಅಲ್ಲಿಂದ ತಿದ್ದೋಕೆ ಶುರುಮಾಡಿ. ತಿದ್ದಿದ ಪ್ರತಿಯನ್ನು ಅವರಿಗೇ ಮೊದಲು ತೋರಿಸಿ, ಅವರ ಗೆರೆ ಯಾವ ಸಾಲು ಬದಲಾಯಿಸಿತು ಅಂತ ಹೇಳಿ. ಮುಂದಿನ ಸಲ ಗೆರೆ ಪಕ್ಕದಲ್ಲಿ ಒಂದೆರಡು ಪದವನ್ನೂ ಬರೆದು ಕೊಡ್ತಾರೆ.